ಗಂಟಲು ಬೇನೆ: ಕುರಿಯಲ್ಲಿ ಪಕ್ಕೆ ನೋಡಬೇಕಾದ ರೋಗ

ದನ, ಎಮ್ಮೆಗಳಿಗೆ ಜ್ವರ ಏರಿ, ಗಂಟಲ ಕೆಳಗೆ ಬಾವು ಬಂದು, ಗೊರಗೊರ ಸದ್ದಿನೊಂದಿಗೆ ಉಸಿರು ಕಟ್ಟುವ ರೋಗವೇ ಗಂಟಲು ಬೇನೆ. ಗಳಲೆ ಎಂದೂ ಕರೆಯುತ್ತಾರೆ. ಪಶುವೈದ್ಯರ ಬಾಯಲ್ಲಿ ಅದು ಎಚ್.ಎಸ್., ಅಂದರೆ ಹೆಮರೇಜಿಕ್ ಸೆಪ್ಟಿಸೀಮಿಯಾ. ಎಮ್ಮೆಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಕುರಿಗೆ ಬಂದಾಗ ಮಾತ್ರ ದಾರಿ ತಪ್ಪಿಸುತ್ತದೆ. ಕುರಿಯಲ್ಲಿ ಈ ರೋಗ ತರುವ ಬಳಗದ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತವೆ. ಗಂಟಲು ಊದಿಲ್ಲವಲ್ಲ ಎಂದು ಕಾಯುತ್ತ ಕುಳಿತರೆ ಚಿಕಿತ್ಸೆಯ ಹೊತ್ತು ಮೀರಿರುತ್ತದೆ.

ಲೂಯಿ ಪಾಶ್ಚರ್ ಅವರ ನೆನಪಿಗೆ ಈ ಬ್ಯಾಕ್ಟೀರಿಯಾಕ್ಕೆ ಪಾಶ್ಚುರೆಲ್ಲಾ ಎಂಬ ಹೆಸರು ಬಂತು. ಕುರಿಯ ಶ್ವಾಸಕೋಶವನ್ನು ಹೆಚ್ಚು ಕಾಡುವ ಜಾತಿಯನ್ನು 1999ರಲ್ಲಿ ಬೇರ್ಪಡಿಸಿ ಮ್ಯಾನ್‌ಹೈಮಿಯಾ ಎಂದು ಕರೆದರು. ಆರೋಗ್ಯವಂತ ಕುರಿಯ ಮೂಗು, ಗಂಟಲಿನಲ್ಲೂ ಇವು ತೆಪ್ಪಗೆ ಬದುಕಿರುತ್ತವೆ. ಮಳೆಯಲ್ಲಿ ನೆನೆದು ರಾತ್ರಿಯಿಡೀ ನಡುಗಿದಾಗ, ಲಾರಿಯಲ್ಲಿ ಒತ್ತೊತ್ತಾಗಿ ಸಾಗಿದಾಗ, ಮರಿಯನ್ನು ತಾಯಿಯಿಂದ ಬಿಡಿಸಿದಾಗ ಮೈಯ ಕಾವಲು ಸಡಿಲುತ್ತದೆ. ಆಗ ಅವು ಕೆಳಗಿಳಿಯುತ್ತವೆ.

ಮಂದೆಯನ್ನು ಎಬ್ಬಿಸುವ ಮುನ್ನ ಒಮ್ಮೆ ದೂರ ನಿಂತು ನೋಡಿ. ಕೊನೆಯಲ್ಲಿ ಉಳಿಯುವ, ಮೇವು ಬಿಟ್ಟು ತಲೆ ತಗ್ಗಿಸಿದ, ಮೂಗಿನಲ್ಲಿ ಗಟ್ಟಿ ಸಿಂಬಳ ಸುರಿಸುವ ಕುರಿಯ ಮೇಲೆ ಅನುಮಾನ ಇರಲಿ. ನೆರಳಲ್ಲಿ ವಿಶ್ರಮಿಸುತ್ತಿರುವಾಗಲೂ ಪಕ್ಕೆ ಬೇಗಬೇಗ ಬಡಿಯುತ್ತಿದ್ದರೆ, ಜ್ವರ 104 ಡಿಗ್ರಿ ದಾಟಿದ್ದರೆ ಅಂದೇ ವೈದ್ಯರನ್ನು ಕರೆಯಬೇಕು. ಬಾಯಲ್ಲಿ ಹುಣ್ಣು, ಭೇದಿಯೂ ಇದ್ದರೆ ಅದು ಪಿಪಿಆರ್, ಅಂದರೆ ಕುರಿ-ಮೇಕೆಗಳ ಪ್ಲೇಗ್ ಇರಬಹುದು. ಪಿಪಿಆರ್ ವೈರಸ್ಸಿನ ರೋಗ, ಅದರ ಲಸಿಕೆಯೇ ಬೇರೆ.

ಲಸಿಕೆಯ ಮಾತು ಬಂದಾಗ ಕೇಳಿಬರುವ ದೂರೊಂದಿದೆ: "ಗಳಲೆ ಲಸಿಕೆ ಹಾಕಿಸಿದರೂ ಕುರಿ ಕೆಮ್ಮುತ್ತಿದೆ." ಮಳೆಗಾಲಕ್ಕೆ ಮೊದಲು ಹಾಕುವ ಆ ಲಸಿಕೆ ಪಾಶ್ಚುರೆಲ್ಲಾದ ಒಂದು ಬಗೆಗೆ ಮೀಸಲು, ಮ್ಯಾನ್‌ಹೈಮಿಯಾವನ್ನು ಅದು ತಡೆಯುವುದಿಲ್ಲ. ಲಸಿಕೆಯನ್ನು ತಪ್ಪದೆ ಹಾಕಿಸಬೇಕು, ಆದರೆ ಅದೊಂದನ್ನೇ ನಂಬಿ ಕುರಿ ಮಲಗುವ ರೊಪ್ಪವನ್ನು ಮರೆಯಬಾರದು.

ಚಳಿಗೆ ಹೆದರಿ ರೊಪ್ಪದ ನಾಲ್ಕೂ ಕಡೆ ತಾಡಪಾಲು ಬಿಗಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಒಳಗೆ ಗಂಜಲದಿಂದ ಏಳುವ ಅಮೋನಿಯ ಹೊರಹೋಗಲು ದಾರಿಯಿಲ್ಲದೆ ಉಸಿರಿನ ಹಾದಿಯನ್ನು ಸುಡುತ್ತದೆ. ಬೆಳಗಿನ ಜಾವ ಒಳಹೊಕ್ಕು, ಮರಿಯ ಮೂಗಿನ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಳ್ಳಿ. ನಿಮ್ಮ ಕಣ್ಣು ಉರಿದರೆ ಮರಿ ರಾತ್ರಿಯಿಡೀ ಅದನ್ನೇ ಕುಡಿದಿದೆ. ಗಾಳಿ ನೇರವಾಗಿ ಮೈಗೆ ಬಡಿಯದಂತೆ ಕೆಳಗೆ ಮರೆ ಮಾಡಿ, ಮೇಲ್ಭಾಗವನ್ನು ತೆರೆದಿಡಿ. ನೆಲ ಒಣಗಿರಲಿ. ಸಂತೆಯಿಂದ ತಂದ ಕುರಿಯನ್ನು ಎರಡು ಮೂರು ವಾರ ಬೇರೆ ಕಟ್ಟಿ.

ಗೊಟ್ಟದಲ್ಲಿ ಔಷಧಿ ಕುಡಿಸುವವರಿಗೂ ಒಂದು ಮಾತು. ಕುರಿಯ ತಲೆಯನ್ನು ಆಕಾಶಕ್ಕೆ ಎತ್ತಿ ಸುರಿದರೆ ಔಷಧಿ ಶ್ವಾಸನಾಳಕ್ಕೆ ಹೋಗಿ, ಬ್ಯಾಕ್ಟೀರಿಯಾ ತರಬೇಕಿದ್ದ ನ್ಯುಮೋನಿಯಾವನ್ನು ನಾವೇ ತಂದಂತಾಗುತ್ತದೆ. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇಳದಿರಲಿ, ಗುಟುಕು ಗುಟುಕಾಗಿ ನುಂಗಲು ಬಿಡಿ, ಕೆಮ್ಮಿದ ತಕ್ಷಣ ತಲೆಯನ್ನು ಕೆಳಗಿಳಿಸಿ.