ಶ್ವಾಸಕೋಶದ ಬುಡದಲ್ಲಿ ಬಿಳಿ ಮಬ್ಬು

"ಜ್ವರ, ಕೆಮ್ಮು, ನೆಗಡಿ ಏನಾದ್ರೂ ಇದೆಯಾ ಅಮ್ಮ?"

ದೇಹದಲ್ಲಿ ಕ್ಯಾನ್ಸರ್ ಇರುವ ಜಾಗವನ್ನು ಹೊಳಪಾಗಿ ತೋರಿಸುವ ಪೆಟ್ ಸ್ಕ್ಯಾನಿಗೆ ಬಂದ ಎಲ್ಲರನ್ನೂ ಹೀಗೆ ಕೇಳುತ್ತೇವೆ. ಅವತ್ತು ಆ ತಾಯಿ ಇಲ್ಲ ಅಂದರು. ಲಿಂಫೋಮಾಗೆ, ಅಂದರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗೆ, ಎರಡು ಸೈಕಲ್ ಕೀಮೋ ಆಗಿತ್ತು. ಕತ್ತಿನ ಗಂಟುಗಳು ಎಷ್ಟು ಕರಗಿವೆ ಎಂದು ನೋಡಬೇಕಿತ್ತು.

ಚಿತ್ರ ಬಂದಾಗ ಮೊದಲು ಖುಷಿಯಾಯಿತು. ಕತ್ತಿನ ಗಂಟುಗಳ ಹೊಳಪು ಪೂರ್ತಿ ಆರಿಹೋಗಿತ್ತು. ಕಣ್ಣು ಕೆಳಗಿಳಿಯಿತು. ಎರಡೂ ಶ್ವಾಸಕೋಶಗಳ ಬುಡದಲ್ಲಿ, ಬೆನ್ನಿನ ಕಡೆ, ಅಂಚಿಗೆ ಒತ್ತಿಕೊಂಡು ಬಿಳಿ ಮಬ್ಬು. ಚಳಿಗಾಲದ ಬೆಳಿಗ್ಗೆ ಬಸ್ಸಿನ ಕಿಟಕಿ ಗಾಜಿಗೆ ಉಸಿರು ತಾಗಿದ ಹಾಗೆ. ಹಿಂದಿನ ರಕ್ತನಾಳಗಳು ಮಸುಕಾಗಿ ಕಾಣುತ್ತಲೇ ಇರುತ್ತವೆ. ನಾವು ಇದಕ್ಕೆ ಗ್ರೌಂಡ್ ಗ್ಲಾಸ್ ಅಂತೀವಿ. ಮಬ್ಬಿದ್ದ ಕಡೆಯೆಲ್ಲ ಸಣ್ಣಗೆ ಹೊಳಪೂ ಇತ್ತು.

ಹೊರಗೆ ಹೋಗಿ ಮತ್ತೆ ಕೇಳಿದೆ. "ಮೊನ್ನೆ ಸ್ವಲ್ಪ ಗಂಟಲು ಕೆರೆತ ಇತ್ತು ಡಾಕ್ಟ್ರೇ, ಮಗಳಿಗೂ ಇತ್ತು. ಹೇಳಿದ್ರೆ ಸ್ಕ್ಯಾನ್ ಮುಂದಕ್ಕೆ ಹಾಕ್ತೀರಿ ಅಂತ ಸುಮ್ನಿದ್ದೆ." ಸ್ವ್ಯಾಬ್ ಮಾಡಿಸಿದೆವು. ಕೋವಿಡ್.

ಕ್ಯಾನ್ಸರ್ ಹುಡುಕುವ ಯಂತ್ರಕ್ಕೆ ವೈರಸ್ ಸೋಂಕು ಹೇಗೆ ಸಿಕ್ಕಿತು? ನಾವು ಕೊಡುವ ಇಂಜೆಕ್ಷನ್ ಹೆಸರು ಎಫ್‌ಡಿಜಿ. ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಒಂದು ಬಗೆಯ ಸಕ್ಕರೆ ಅದು. ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಮಲಗಿಸುತ್ತೇವೆ. ಯಾವ ಜೀವಕೋಶ ಜಾಸ್ತಿ ಸಕ್ಕರೆ ಎಳೆದುಕೊಳ್ಳುತ್ತದೋ ಅದು ಹೊಳೆಯುತ್ತದೆ. ಕ್ಯಾನ್ಸರ್ ಕೋಶಗಳಿಗೆ ಈ ಹಸಿವು ಜಾಸ್ತಿ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೂ ಅಷ್ಟೇ. (ಹಾಗಂತ ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹೋಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.)

2020ರ ಮಾರ್ಚ್‌ನಲ್ಲಿ ಇಟಲಿಯ ಬ್ರೆಷಾ ನಗರದ ವೈದ್ಯರಿಗೆ ಇದೇ ಎದುರಾಯಿತು. ಜ್ವರ, ಕೆಮ್ಮು ಏನೂ ಇಲ್ಲದೆ ಕ್ಯಾನ್ಸರ್ ಸ್ಕ್ಯಾನಿಗೆ ಬಂದ ಕೆಲವರ ಶ್ವಾಸಕೋಶದಲ್ಲಿ ಕೋವಿಡ್ ನ್ಯುಮೋನಿಯ ಕಂಡಿತು. ಅವರು ಅದನ್ನು ಕೂಡಲೇ ಬರೆದು ಪ್ರಕಟಿಸಿದರು. ನಮ್ಮಂಥವರ ಕಣ್ಣು ತೆರೆಸಿದ ವರದಿಗಳಲ್ಲಿ ಅದೂ ಒಂದು.

ಕಷ್ಟ ಇರುವುದು ಗುರುತಿಸುವುದರಲ್ಲಿ. ಲಿಂಫೋಮಾಗೆ ಕೊಡುವ ಕೀಮೋ ಔಷಧಿ ಬ್ಲಿಯೋಮೈಸಿನ್‌ನಿಂದಲೂ ಇಂಥದೇ ಮಬ್ಬು ಬರಬಹುದು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸುವ ಹೊಸ ಇಮ್ಯುನೋಥೆರಪಿ ಔಷಧಿಗಳಿಂದಲೂ ಬರಬಹುದು. ರೇಡಿಯೇಶನ್ ಆಗಿದ್ದರೆ, ಬಿಸಿಲು ಬಿದ್ದ ಜಾಗದಷ್ಟೇ ಚರ್ಮ ಕಪ್ಪಾದಂತೆ, ಕಿರಣ ಬಿದ್ದ ಕಡೆಗಷ್ಟೇ ಮಬ್ಬು ನಿಲ್ಲುತ್ತದೆ. ನಮ್ಮಲ್ಲಿ ಟಿಬಿಯನ್ನು ಮರೆಯುವ ಹಾಗೇ ಇಲ್ಲ. ಅದು ಕ್ಯಾನ್ಸರ್‌ನಷ್ಟೇ ಜೋರಾಗಿ ಹೊಳೆಯುತ್ತದೆ. ಬರೀ ಚಿತ್ರ ನೋಡಿ ಇದೇ ಅಂತ ಹೇಳಲು ಆಗುವುದಿಲ್ಲ. ಅದಕ್ಕೇ "ಗಂಟಲು ಕೆರೆತ ಇತ್ತು" ಎಂಬ ಒಂದು ಮಾತು ನನಗೆ ಅಷ್ಟು ಮುಖ್ಯ.

ಗೊತ್ತಾಗದೆ ಹೋಗಿದ್ದರೆ? ಆ ವಾರವೇ ಮೂರನೇ ಕೀಮೋ ಇತ್ತು. ಕೀಮೋ ಕೊಟ್ಟ ಮೇಲೆ ಬಿಳಿ ರಕ್ತಕಣಗಳು ಇಳಿಯುತ್ತವೆ. ಶ್ವಾಸಕೋಶದಲ್ಲಿ ವೈರಸ್ ಇರುವಾಗ ಅದು ಜೀವಕ್ಕೇ ಅಪಾಯ. ಅವರ ಕ್ಯಾನ್ಸರ್ ವೈದ್ಯರಿಗೆ ಆಗಲೇ ಫೋನ್ ಮಾಡಿದೆ. ಕೀಮೋ ಮುಂದಕ್ಕೆ ಹಾಕಿದರು.

ವರದಿ ಕೈಗೆ ಬಂದ ಕೂಡಲೇ ಕಾರಿಡಾರಿನಲ್ಲಿ ನಿಂತು ಮೊಬೈಲ್‌ನಲ್ಲಿ ಹುಡುಕುವವರನ್ನು ದಿನಾ ನೋಡುತ್ತೇನೆ. ಶ್ವಾಸಕೋಶ ಅಂತ ಬರೆದಿದ್ದನ್ನು ಕಂಡ ತಕ್ಷಣ ಕ್ಯಾನ್ಸರ್ ಹರಡಿತು ಎಂದು ಕುಸಿದು ಕೂರುತ್ತಾರೆ. ದಯವಿಟ್ಟು ಮೊದಲು ನಮ್ಮನ್ನು ಕೇಳಿ. ಲಸಿಕೆ ಹಾಕಿಸಿಕೊಂಡಿದ್ದರೆ ಯಾವ ದಿನ, ಯಾವ ತೋಳಿಗೆ ಎಂದೂ ಹೇಳಿ. ಆ ಕಡೆಯ ಕಂಕುಳಿನ ಗ್ರಂಥಿಗಳು ಕೆಲವು ವಾರ ಹೊಳೆಯಬಹುದು.

ಇನ್ನು ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ ಎಂಬ ಭಯ. ಅದು ನನಗೆ ಅರ್ಥವಾಗುತ್ತದೆ. ತಿಂಗಳ ಮೊದಲೇ ರಜೆ ಹಾಕಿ, ದೂರದ ಊರಿಂದ ರಾತ್ರಿ ಬಸ್ಸಿನಲ್ಲಿ ಬಂದಿರುತ್ತೀರಿ. ನಮ್ಮ ಕಡೆಯೂ ಒಂದು ಕಷ್ಟವಿದೆ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ನಿಮಗೆಂದು ತರಿಸಿದ ಡೋಸನ್ನು ನಾಳೆಗೆ ಇಡಲು ಆಗುವುದಿಲ್ಲ. ಹಾಗಾಗಿ ಕೆಮ್ಮು ಶುರುವಾದರೆ ಹಿಂದಿನ ದಿನವೇ ಒಂದು ಫೋನ್ ಮಾಡಿ. ಎಲ್ಲರ ಸ್ಕ್ಯಾನನ್ನೂ ಮುಂದಕ್ಕೆ ಹಾಕುವುದಿಲ್ಲ. ತುರ್ತು ಇದ್ದರೆ ಮಾಸ್ಕ್ ಹಾಕಿಸಿ, ಬೇರೆ ಕೋಣೆಯಲ್ಲಿ ಮಲಗಿಸಿ, ದಿನದ ಕೊನೆಯ ಸರದಿ ಕೊಡುತ್ತೇವೆ. ಆಮೇಲೆ ಕೋಣೆ ಒರೆಸಿದರಾಯಿತು. ಕಾಯುವ ಕೋಣೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಕೀಮೋ ನಡೆಯುತ್ತಿರುತ್ತದೆ, ಅಲ್ವಾ?