ಅಂಗಡಿ ಹೆಸರು ನಮ್ಮದು, ಡೊಮೈನ್ ಯಾರದು?

ಅವರು ನಮ್ಮ ಆಫೀಸಿಗೆ ಬಂದಾಗ ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಖಾರದ ಪುಡಿ ಪ್ಯಾಕೆಟ್ ಇತ್ತು. ಹುಬ್ಬಳ್ಳಿಯವರು. ಬ್ಯಾಡಗಿ ಮಾರುಕಟ್ಟೆಯಿಂದ ಮೆಣಸಿನಕಾಯಿ ತಂದು, ಪುಡಿ ಮಾಡಿಸಿ, ಪ್ಯಾಕ್ ಮಾಡಿ ಮಾರುವ ಮನೆತನ. "ವಕೀಲರ, ಇದು ನಮ್ಮಪ್ಪ ಇಟ್ಟ ಹೆಸರ್ರಿ. ಮೊಬೈಲ್‌ನ್ಯಾಗ ಹೊಡದ್ರ ಬ್ಯಾರೆಯವ್ರ ಅಂಗಡಿ ಬರತೈತಿ ನೋಡ್ರಿ" ಅಂದರು.

ನೋಡಿದೆ. ವಿಳಾಸದಲ್ಲಿ ಇವರ ಬ್ರಾಂಡ್ ಹೆಸರು, ಅದರ ಮುಂದೆ ಡಾಟ್ ಇನ್. ಒಳಗೆ ಹೋದರೆ ಅದೇ ಕೆಂಪು ಬಣ್ಣದ ಪ್ಯಾಕೆಟ್. ಪ್ಯಾಕೆಟ್ ಮೇಲಿನ ಹೆಸರಿನಲ್ಲಿ ಒಂದು ಅಕ್ಷರ ಮಾತ್ರ ಬೇರೆ. ನಡೆಸುತ್ತಿದ್ದವರು ಗದಗದ ಒಬ್ಬ ವ್ಯಾಪಾರಿ. ಆರು ವರ್ಷ ಇವರ ಮಾಲನ್ನೇ ಊರೂರಿಗೆ ಹಂಚಿದವರು. ಲೆಕ್ಕದ ವಿಷಯದಲ್ಲಿ ಮನಸ್ತಾಪ ಬಂದು 2021ರಲ್ಲಿ ಬಿಟ್ಟುಹೋಗಿದ್ದರು. ಅದೇ ವರ್ಷ ಈ ವೆಬ್‌ಸೈಟ್ ವಿಳಾಸವನ್ನು, ಅಂದರೆ ಡೊಮೈನ್, ಕೊಂಡಿದ್ದರು. "ರೊಕ್ಕ ಕೊಟ್ಟು ಮೊದಲು ತಗೊಂಡಾಂವ ನಾನು" ಅನ್ನುವುದು ಅವರ ವಾದ. "ಹೆಸರು ನಮ್ಮದಾದ ಮ್ಯಾಲೆ ಡೊಮೈನ್ ನಮ್ಮದಲ್ಲೇನ್ರಿ?" ಅನ್ನುವುದು ಇವರ ವಾದ.

ಇಂಥ ಜಗಳ ತಂದವರೆಲ್ಲ ಈ ಎರಡರಲ್ಲಿ ಒಂದು ಮಾತನ್ನು ಹಿಡಿದುಕೊಂಡೇ ಬರುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಡೊಮೈನ್ ಮಾರುವ ರಿಜಿಸ್ಟ್ರಾರ್ ಕಂಪನಿ ಹೆಸರು ಯಾರದು ಅಂತ ವಿಚಾರಿಸುವುದಿಲ್ಲ. ಹೆಸರು ಖಾಲಿ ಇದೆಯಾ ಅಂತ ನೋಡುತ್ತದೆ, ದುಡ್ಡು ತಗೊಂಡು ಕೊಡುತ್ತದೆ. ಹಾಗಾಗಿ ಕೊಂಡ ರಸೀದಿಯಿಂದ ಹೆಸರಿನ ಹಕ್ಕು ಹುಟ್ಟುವುದಿಲ್ಲ. ಟ್ರೇಡ್‌ಮಾರ್ಕಿನ ಕಥೆಯೇ ಬೇರೆ. ಅದು ವ್ಯಾಪಾರದ ಬಗೆಯ ಮೇಲೆ, ಅಂದರೆ ಕ್ಲಾಸಿನ ಮೇಲೆ ಸಿಗುತ್ತದೆ. ಖಾರದ ಪುಡಿ 30ನೇ ಕ್ಲಾಸು, ಬಟ್ಟೆ 25ನೇ ಕ್ಲಾಸು, ಖಾನಾವಳಿ 43ನೇ ಕ್ಲಾಸು. ಧಾರವಾಡದ ಖಾನಾವಳಿಗೂ ಹಾವೇರಿಯ ಬಟ್ಟೆ ಅಂಗಡಿಗೂ ಒಂದೇ ಹೆಸರಿದ್ದರೆ ಕಾನೂನು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಆದರೆ ಆ ಹೆಸರಿನ ಡಾಟ್ ಇನ್ ವಿಳಾಸ ಇರುವುದು ಒಂದೇ. ಬಟ್ಟೆಯವರು ಪ್ರಾಮಾಣಿಕವಾಗಿ ಮೊದಲು ಕೊಂಡಿದ್ದರೆ, ಖಾನಾವಳಿಯವರು ಟ್ರೇಡ್‌ಮಾರ್ಕ್ ಸರ್ಟಿಫಿಕೇಟ್ ತೋರಿಸಿದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ.

ಹಾಗಾದರೆ ತೀರ್ಮಾನ ಆಗುವುದು ಯಾವುದರ ಮೇಲೆ? ಕೊಂಡವರ ಉದ್ದೇಶದ ಮೇಲೆ. ನಿಮ್ಮ ಹೆಸರು ಎಷ್ಟು ಹಳೆಯದು ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಕಾಗದದ ಮೇಲೆ.

ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ದೆಹಲಿಯ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಎಲ್ಲರೂ ನಿಕ್ಸಿ ಅನ್ನುತ್ತಾರೆ. ಅದರ ವಿವಾದ ನಿಯಮ 2005ರಿಂದ ಜಾರಿಯಲ್ಲಿದೆ. ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು. ಡೊಮೈನ್ ನಮ್ಮ ಹೆಸರಿನಂತೆಯೇ ಇದೆ, ಜನ ಗೊಂದಲಕ್ಕೆ ಬೀಳುತ್ತಾರೆ ಅಂತ. ಎದುರಿನವರಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಕ್ಕು ಯಾವುದೂ ಇಲ್ಲ ಅಂತ. ಮತ್ತು ಅವರು ಕೆಟ್ಟ ಉದ್ದೇಶದಿಂದ ಅದನ್ನು ಕೊಂಡಿದ್ದಾರೆ, ಇಲ್ಲವೇ ಹಾಗೆ ಬಳಸುತ್ತಿದ್ದಾರೆ ಅಂತ. ಕೊನೆಯದರಲ್ಲಿರುವ 'ಇಲ್ಲವೇ' ಅನ್ನುವ ಒಂದು ಪದಕ್ಕೆ ಬಹಳ ಬೆಲೆ ಇದೆ. ಡಾಟ್ ಕಾಮ್ ಹೆಸರುಗಳಿಗೆ, ಜಗತ್ತಿನ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ 1999ರ ನಿಯಮ ಅನ್ವಯಿಸುತ್ತದೆ. ಅಲ್ಲಿ ಕೊಂಡದ್ದೂ ಕೆಟ್ಟ ಉದ್ದೇಶದಿಂದ, ಬಳಸಿದ್ದೂ ಕೆಟ್ಟ ಉದ್ದೇಶದಿಂದ ಅಂತ ಎರಡನ್ನೂ ತೋರಿಸಬೇಕು. ಡಾಟ್ ಇನ್‌ನಲ್ಲಿ ಒಂದು ಸಾಕು.

ನಮ್ಮ ಖಾರದ ಪುಡಿಯವರಿಗೆ ಒಂದು ದೊಡ್ಡ ತೊಂದರೆ ಇತ್ತು. ಅವರು ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದ್ದೇ 2022ರಲ್ಲಿ, ಡೊಮೈನ್ ಹೋದ ಮೇಲೆ. "ನೀವು ಅರ್ಜಿ ಹಾಕುವ ಮೊದಲೇ ನಾನು ಕೊಂಡಿದ್ದೆ" ಅಂತ ಎದುರಿನವರು ಹೇಳುವುದು ಖಚಿತ. ಆದರೆ ನಮ್ಮ ಕಾನೂನಿನಲ್ಲಿ ಹೆಸರಿನ ಹಕ್ಕು ಬರೀ ನೋಂದಣಿಯಿಂದ ಬರುವುದಿಲ್ಲ, ಬಳಕೆಯಿಂದಲೂ ಬರುತ್ತದೆ. ಬಳಸಿದ್ದಕ್ಕೆ ಪುರಾವೆ ಬೇಕು, ಅಷ್ಟೇ. "ಮನ್ಯಾಗ ಹಳೇ ಕಾಗದ ಏನದಾವೋ ಎಲ್ಲಾ ತಗೊಂಡ್ ಬರ್ರಿ" ಅಂದೆ.

ಮರುದಿನ ಒಂದು ಗೋಣಿಚೀಲ ಬಂತು. ಮೆಣಸಿನಕಾಯಿ ಘಾಟು ಇನ್ನೂ ಹೋಗಿರಲಿಲ್ಲ, ಬಿಚ್ಚಿದ ಕೂಡಲೇ ನನ್ನ ಜೂನಿಯರ್‌ಗೆ ಸೀನು ಶುರುವಾಯಿತು. ತಳದಲ್ಲಿ ಗೆದ್ದಲು ತಿಂದ ಒಂದು ಬಿಲ್ ಬುಕ್ ಸಿಕ್ಕಿತು. ಗುಲಾಬಿ ಬಣ್ಣದ ಕಾರ್ಬನ್ ಕಾಪಿಗಳು. ಮೇಲೆ ಬ್ರಾಂಡ್ ಹೆಸರು, ಎಡಕ್ಕೆ ಅವರ ತಂದೆಯ ಕೈಬರಹ. ನಾನು ಹುಡುಕುತ್ತಿದ್ದದ್ದು ಪುಟದ ಕಟ್ಟಕಡೆಯ ಸಾಲು. ಬಿಲ್ ಬುಕ್ ಮುದ್ರಿಸುವ ಪ್ರೆಸ್ಸಿನವರು ಕೆಳಗೆ ಸಣ್ಣ ಅಕ್ಷರದಲ್ಲಿ ತಮ್ಮ ಹೆಸರು, ಎಷ್ಟು ಬುಕ್ಕು, ಯಾವ ತಿಂಗಳು ಅಂತ ಹಾಕುತ್ತಾರೆ. ಅಲ್ಲಿ ಗದಗದ ಒಂದು ಪ್ರೆಸ್ಸಿನ ಹೆಸರಿತ್ತು. ಪಕ್ಕದಲ್ಲಿ "50 ಬುಕ್ಸ್, 3-98", ಅಂದರೆ 1998ರ ಮಾರ್ಚ್. ಸುಮಾರು ಇಪ್ಪತ್ತಮೂರು ವರ್ಷದ ಅಂತರ ಆ ಒಂದು ಸಾಲಿನಲ್ಲಿತ್ತು. ಇವತ್ತಿಗೂ ವ್ಯಾಪಾರಿಗಳು ಮನೆ ಸುಣ್ಣ ಬಳಿಸುವಾಗ ಇಂಥ ಬುಕ್ಕುಗಳನ್ನು ರದ್ದಿಗೆ ಹಾಕುತ್ತಾರೆ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಎರಡನೆಯ ಪುರಾವೆ ಎದುರಿನವರೇ ಕೊಟ್ಟಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್: "ಐದು ಲಕ್ಷ ಕೊಟ್ರ ಬಿಟ್ಟು ಕೊಡತೇನಿ." ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಡೊಮೈನ್ ಅದು. ಖರ್ಚಿಗಿಂತ ಬಹಳ ಜಾಸ್ತಿ ಬೆಲೆಗೆ ಹೆಸರಿನ ಮಾಲೀಕರಿಗೇ ಮಾರಲು ಕೊಂಡಿದ್ದರೆ ಅದನ್ನು ಕೆಟ್ಟ ಉದ್ದೇಶ ಅಂತ ನಿಯಮವೇ ಹೇಳುತ್ತದೆ. ಇಲ್ಲಿ ಒಂದು ಎಚ್ಚರ. ಗಾಬರಿಯಲ್ಲಿ ನೀವೇ ಮೊದಲು ಫೋನ್ ಮಾಡಿ "ಎಷ್ಟಕ್ಕ ಕೊಡತೀರಿ" ಅಂತ ಕೇಳಬೇಡಿ. ಆಮೇಲೆ ಅವರು "ಮಾರುವ ಮಾತು ತೆಗೆದದ್ದು ಅವರೇ" ಅನ್ನುತ್ತಾರೆ. ಪುರಾವೆಯ ಬಲ ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ಎಚ್ಚರ ಲೀಗಲ್ ನೋಟಿಸ್ ಬಗ್ಗೆ. ಸಿಟ್ಟಿನಲ್ಲಿ ಬಂದವರು ಮೊದಲು ಕೇಳುವುದೇ "ಒಂದು ನೋಟಿಸ್ ಕೊಟ್ಟು ಬಿಡ್ರಿ" ಅಂತ. ನಾನು ತಡೆಯುತ್ತೇನೆ. ನೋಟಿಸ್ ಕೈಗೆ ಬಿದ್ದ ರಾತ್ರಿಯೇ ವೆಬ್‌ಸೈಟಿನ ಫೋಟೋಗಳು ಮಾಯವಾಗಬಹುದು, ಡೊಮೈನ್ ಇನ್ನೊಬ್ಬರ ಹೆಸರಿಗೆ ಹೋಗಬಹುದು. ಅದಕ್ಕೇ ಮೊದಲು ಪ್ರತಿ ಪುಟದ ಸ್ಕ್ರೀನ್‌ಶಾಟ್, ದಿನಾಂಕ ಸಮೇತ. ಡೊಮೈನ್ ಯಾವತ್ತು ನೋಂದಣಿಯಾಯಿತು ಅನ್ನುವ ಹೂಈಸ್ ದಾಖಲೆಯ ಪ್ರಿಂಟ್. ಅಲ್ಲಿಂದ ಒಂದು ಪ್ಯಾಕೆಟ್ ಆರ್ಡರ್ ಮಾಡಿ ತರಿಸಿ, ಕವರ್ ಒಡೆಯದೆ ಇಡಿ. ಮುಂದೆ ಕೋರ್ಟಿಗೆ ಹೋಗುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಆ ಪ್ರಿಂಟುಗಳ ಜೊತೆ ಸರ್ಟಿಫಿಕೇಟ್ ಲಗತ್ತಿಸಬೇಕಾಗುತ್ತದೆ.

ನಾವು ನಿಕ್ಸಿಗೆ ದೂರು ಕೊಟ್ಟೆವು. ಒಬ್ಬ ಆರ್ಬಿಟ್ರೇಟರ್, ಅಂದರೆ ಕೋರ್ಟಿನ ಹೊರಗೆ ತೀರ್ಪು ಕೊಡುವವರು, ನೇಮಕವಾದರು. ಎದುರಿನವರಿಗೆ ಉತ್ತರ ಕೊಡಲು ಅವಕಾಶ ಸಿಕ್ಕಿತು. ಬಹುಮಟ್ಟಿಗೆ ಎಲ್ಲವೂ ಕಾಗದದ ಮೇಲೆಯೇ ನಡೆಯುವುದರಿಂದ ದೆಹಲಿಗೆ ಓಡಾಡುವ ಕೆಲಸ ಬೀಳಲಿಲ್ಲ. ಅವಾರ್ಡ್‌ಗೆ, ಅಂದರೆ ಅವರ ತೀರ್ಪಿಗೆ, ನಿಯಮ ಇಟ್ಟಿರುವ ಗಡುವು 60 ದಿನ, ಬೇಕಾದರೆ ಇನ್ನೊಂದು 30 ದಿನ. ಡೊಮೈನ್ ನಮ್ಮ ಕಕ್ಷಿದಾರರ ಹೆಸರಿಗೆ ಬಂತು. ಆದರೆ ಅಲ್ಲಿ ಸಿಗುವುದು ಮುಖ್ಯವಾಗಿ ಅಷ್ಟೇ: ಡೊಮೈನ್ ವರ್ಗಾವಣೆ, ಇಲ್ಲವೇ ರದ್ದು. ಕಳೆದುಕೊಂಡ ವ್ಯಾಪಾರಕ್ಕೆ ಪರಿಹಾರ ಇಲ್ಲ. ಒಂದು ಅಕ್ಷರ ಬದಲಿಸಿದ ಪ್ಯಾಕೆಟ್ ಅಂಗಡಿಗಳಲ್ಲಿ ಮಾರಾಟ ಆಗುತ್ತಿದ್ದರೆ ಅದನ್ನು ನಿಲ್ಲಿಸುವ ಅಧಿಕಾರವೂ ಆ ಆರ್ಬಿಟ್ರೇಟರ್‌ಗೆ ಇಲ್ಲ. ಅದಕ್ಕೆ ಕೋರ್ಟೇ ಬೇಕು. ಡಾಟ್ ಕಾಮ್ ಆಗಿದ್ದರೆ ಜಿನೀವಾದ ವೈಪೋ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಂಥ ಕಡೆ ದೂರು ಕೊಡಬೇಕು. ಅಲ್ಲಿ ಒಬ್ಬರೇ ತೀರ್ಪುಗಾರರಿದ್ದರೂ ಶುಲ್ಕ 1500 ಡಾಲರ್. ನಮ್ಮ ಕಡೆಯ ಸಣ್ಣ ವ್ಯಾಪಾರಿಗೆ ಅದು ಸಣ್ಣ ಮೊತ್ತ ಅಲ್ಲ.

ಕೋರ್ಟಿನ ದಾರಿ ನಮ್ಮ ರಾಜ್ಯದಿಂದಲೇ ಗಟ್ಟಿಯಾಯಿತು ಅನ್ನುವುದು ಗೊತ್ತಿರಲಿ. ಸತ್ಯಂ ಇನ್ಫೋವೇ ಕಂಪನಿಯ 'ಸಿಫಿ' ಹೆಸರಿಗೂ ಇನ್ನೊಂದು ಕಂಪನಿಯ 'ಸಿಫ್ಫಿ' ಡೊಮೈನ್‌ಗೂ ಜಗಳ ಬಿದ್ದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಅಲ್ಲಿ ತಡೆಯಾಜ್ಞೆ ಸಿಕ್ಕಿತು, ಹೈಕೋರ್ಟಿನಲ್ಲಿ ಹೋಯಿತು, 2004ರ ಮೇ 6ರಂದು ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ನಮ್ಮ ಐದು ಜನರ ಹೆಸರಿನ ಮೊದಲ ಅಕ್ಷರ ಸೇರಿಸಿ ಈ ಹೆಸರು ಮಾಡಿದ್ದೇವೆ ಅಂತ ಎದುರಿನವರು ಹೇಳಿದ್ದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಡೊಮೈನ್ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತೂ ಹೌದು ಅಂತ ಅಲ್ಲಿ ತೀರ್ಮಾನವಾಯಿತು. ಹೆಸರು ನೋಂದಣಿ ಆಗದೇ ಇದ್ದರೂ 'ಪಾಸಿಂಗ್ ಆಫ್' ದಾವೆ, ಅಂದರೆ ನಮ್ಮ ಹೆಸರಿನಲ್ಲಿ ತಮ್ಮ ಮಾಲು ಸಾಗಿಸುವುದರ ವಿರುದ್ಧದ ದಾವೆ ಹಾಕಬಹುದು. ಇದನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಹಾಕುವ ಹಾಗಿಲ್ಲ. ನೋಂದಣಿ ಆಗಿದ್ದರೆ ಒಂದು ಅನುಕೂಲ ಜಾಸ್ತಿ: ಎದುರಿನವರು ಎಲ್ಲೇ ಇರಲಿ, ನೀವು ವ್ಯಾಪಾರ ಮಾಡುವ ಊರಿನ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಲು ಟ್ರೇಡ್‌ಮಾರ್ಕ್ ಕಾಯಿದೆಯ 134ನೇ ಕಲಂ ಅವಕಾಶ ಕೊಡುತ್ತದೆ. ಸಣ್ಣ ಉದ್ಯಮಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯ ಆನ್‌ಲೈನ್ ಅರ್ಜಿಯ ಶುಲ್ಕ ಒಂದು ಕ್ಲಾಸಿಗೆ 4,500 ರೂಪಾಯಿ. ಹತ್ತು ವರ್ಷಕ್ಕೊಮ್ಮೆ ನವೀಕರಣ. ಇದನ್ನು ಮುಂದೂಡಬೇಡಿ.

ಬ್ಯಾಡಗಿ ಕಡೆಯಿಂದ ಬರುವವರಿಗೆ ಒಂದು ಮಾತು. "ಬ್ಯಾಡಗಿ ಮೆಣಸಿನಕಾಯಿ" ಅನ್ನುವುದನ್ನೇ ಬ್ರಾಂಡ್ ಮಾಡಿಕೊಂಡು, ಅದೇ ಡೊಮೈನ್ ಇಟ್ಟುಕೊಂಡವರ ಮೇಲೆ ಕೇಸು ಹಾಕಬೇಕು ಅಂದರೆ ಆಗುವುದಿಲ್ಲ. ಅದು 2011ರಲ್ಲಿ ಭೌಗೋಳಿಕ ಗುರುತು ಪಡೆದ ಹೆಸರು. ಬೆಳೆಯುವ ಎಲ್ಲರದೂ ಹೌದು, ಯಾರೊಬ್ಬರ ಆಸ್ತಿಯೂ ಅಲ್ಲ. ಧಾರವಾಡ ಪೇಡೆಯೂ ಹಾಗೇ. ಊರು ಮತ್ತು ಮಾಲಿನ ಹೆಸರಿನ ಜೊತೆ ನಿಮ್ಮದೇ ಆದ ಒಂದು ಪದ ಬೇಕು.

ಇನ್ನು ಅಣ್ಣತಮ್ಮಂದಿರ ಜಗಳ. ನನಗೆ ನಿದ್ದೆ ಕೆಡಿಸುವ ಪ್ರಕರಣಗಳು ಇವು. ತಂದೆ ಕಟ್ಟಿದ ಸೀರೆ ಅಂಗಡಿ. ಪಾಲು ಪತ್ರದಲ್ಲಿ ಮನೆ, ಹೊಲ, ಬಾವಿಯ ನೀರಿನ ಪಾಳಿ, ಅಂಗಡಿಯ ತಿಜೋರಿ ಎಲ್ಲ ಬರೆದಿರುತ್ತಾರೆ. ಹೆಸರು ಯಾರಿಗೆ ಅಂತ ಒಂದು ಸಾಲೂ ಇರುವುದಿಲ್ಲ. ಗದಗ-ಬೆಟಗೇರಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಅಣ್ಣ ಹಳೆ ಅಂಗಡಿ ಇಟ್ಟುಕೊಂಡರು. ತಮ್ಮ ಹುಬ್ಬಳ್ಳಿಯಲ್ಲಿ ಅದೇ ಹೆಸರಿನಲ್ಲಿ ಹೊಸ ಅಂಗಡಿ ತೆರೆದು ಡೊಮೈನ್ ಕೊಂಡರು. ಅಣ್ಣ ಬಂದು "ಅಂವ ಕದ್ದಾನ್ರಿ" ಅಂದರು. ನಾನು ದೂರು ಹಾಕಲು ಒಪ್ಪಲಿಲ್ಲ. ತಂದೆಯ ಹೆಸರಿನ ಮೇಲೆ ತಮ್ಮನಿಗೂ ಹಕ್ಕಿನ ಎಳೆ ಇದೆ. ಆ ಎಳೆ ಇರುವಾಗ, ಎದುರಿನವರಿಗೆ ನ್ಯಾಯವಾದ ಹಕ್ಕು ಇಲ್ಲ ಅನ್ನುವ ನಿಕ್ಸಿ ನಿಯಮದ ಎರಡನೆಯ ಅಂಶವೇ ನಿಲ್ಲುವುದಿಲ್ಲ. ಇದು ಡೊಮೈನ್ ಕಳ್ಳತನ ಅಲ್ಲ, ಮುಗಿಯದೆ ಉಳಿದ ಪಾಲು.

ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯ 12ಎ ಕಲಂ ಪ್ರಕಾರ ತುರ್ತು ತಡೆಯಾಜ್ಞೆ ಬೇಡದಿದ್ದರೆ ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕು. ತುಂಬಾ ವಕೀಲರು ಇದನ್ನು ಸುಮ್ನೆ ಒಂದು ಮೆಟ್ಟಿಲು ಅಂದುಕೊಳ್ಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಆ ಅಣ್ಣತಮ್ಮ ಮಧ್ಯಸ್ಥಿಕೆಯಲ್ಲಿ ಎದುರುಬದುರು ಕೂತದ್ದು ಎರಡು ವರ್ಷದ ಮೇಲೆ. ಮೊದಲ ದಿನ ಮಾತಿಲ್ಲ. ಎರಡನೆಯ ದಿನ ತಾಯಿಯನ್ನು ಕರೆದುಕೊಂಡು ಬಂದರು. ಅವರು ಹೇಳಿದ್ದು ಇಷ್ಟೇ: "ಹೆಸರು ಅವರಪ್ಪಂದು. ಇಬ್ಬರೂ ಅವನ ಮಕ್ಕಳs ಅದಾರ."

ರಾಜಿ ಹೀಗಾಯಿತು. ಡೊಮೈನ್ ತೆರೆದರೆ ಮೊದಲ ಪುಟದಲ್ಲಿ ಬೇರೆ ಏನೂ ಇಲ್ಲ, ತಂದೆಯ ಫೋಟೋ ಮತ್ತು ಎರಡು ಬಾಗಿಲು. ಒಂದು ಒತ್ತಿದರೆ ಬೆಟಗೇರಿ ಅಂಗಡಿ, ಇನ್ನೊಂದು ಒತ್ತಿದರೆ ಹುಬ್ಬಳ್ಳಿ ಅಂಗಡಿ. ಇಬ್ಬರೂ ಬೋರ್ಡಿನಲ್ಲಿ ಊರಿನ ಹೆಸರು ಸೇರಿಸಿಕೊಂಡರು. ಮೂರನೆಯವರಿಗೆ ಹೆಸರು ಕೊಡುವ ಹಾಗಿಲ್ಲ ಅಂತ ಬರೆಸಿದೆ. ಡೊಮೈನ್ ಖಾತೆ ತಾಯಿಯ ಹೆಸರಿನಲ್ಲಿದೆ, ಒಟಿಪಿ ಅವರ ಸಣ್ಣ ಕೀಪ್ಯಾಡ್ ಫೋನಿಗೆ ಬರುತ್ತದೆ. ಅವರ ನಂತರ ಏನು ಅನ್ನುವುದೂ ರಾಜಿ ಪತ್ರದಲ್ಲಿದೆ. ಪ್ರತಿ ವರ್ಷ ನವೀಕರಣದ ದಿನ ಇಬ್ಬರೂ ಬೆಟಗೇರಿ ಮನೆಗೆ ಬರುತ್ತಾರೆ, ಅರ್ಧರ್ಧ ದುಡ್ಡು ಕಟ್ಟುತ್ತಾರೆ, ಊಟ ಮಾಡಿಕೊಂಡು ಹೋಗುತ್ತಾರೆ.