ಪದ ಪರಿಚಯ: ಅಪ್ಲಿಕೇಶನ್ ಸರ್ವರ್

‘ನಮ್ಮ ಅಪ್ಲಿಕೇಶನ್ ಸರ್ವರ್ ಟಾಮ್‌ಕ್ಯಾಟ್’ ಎಂಬ ವಾಕ್ಯವು ಯೋಜನಾ ದಾಖಲೆಗಳಲ್ಲಿ, ಉದ್ಯೋಗ ಜಾಹೀರಾತುಗಳಲ್ಲಿ, ತರಬೇತಿ ಟಿಪ್ಪಣಿಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ತಿದ್ದಲು ಹೊರಟವನೇ ತಕರಾರಿನ ಮನುಷ್ಯನಂತೆ ಕಾಣುತ್ತಾನೆ. ಆದರೂ ತಿದ್ದಬೇಕಾಗಿದೆ. ಅಪ್ಲಿಕೇಶನ್ ಸರ್ವರ್ ಎಂದರೆ ಅಪ್ಲಿಕೇಶನ್ನುಗಳನ್ನು ಓಡಿಸಿ, ಅವಕ್ಕೆ ಬೇಕಾದ ಸೌಲಭ್ಯಗಳನ್ನೂ ಒದಗಿಸುವ ತಂತ್ರಾಂಶ; ಟಾಮ್‌ಕ್ಯಾಟ್ ಎಂಬುದು ಜಾವಾ ವೆಬ್ ಅಪ್ಲಿಕೇಶನ್ನುಗಳನ್ನು ಓಡಿಸುವ, ಅಪಾಚೆ ಸಂಸ್ಥೆಯ ತಂತ್ರಾಂಶ. ಜಾವಾ ಭಾಷೆಯ ಬಳಗದಲ್ಲಿ ಅಪ್ಲಿಕೇಶನ್ ಸರ್ವರ್ ಎಂಬ ಪದಕ್ಕೆ ಒಂದು ಗೊತ್ತಾದ ಎಲ್ಲೆಯಿದೆ. ಅದನ್ನು ಮರೆತವರು ಸರ್ವರ್‌ನ ಸೌಲಭ್ಯಗಳನ್ನಷ್ಟೇ ಅಲ್ಲ, ಅದರ ಲೈಸೆನ್ಸನ್ನೂ ತಪ್ಪಾಗಿಯೇ ಓದುತ್ತಾರೆ.

ಆ ಎಲ್ಲೆಯನ್ನು ಎಳೆದದ್ದು 1999ರ ಡಿಸೆಂಬರ್‌ನಲ್ಲಿ ಬಂದ ಜೆ2ಇಇ 1.2 ನಿರ್ದಿಷ್ಟತೆ, ಅಂದರೆ ಸರ್ವರ್ ಏನೇನು ಒದಗಿಸಬೇಕೆಂದು ಹೇಳುವ ನಿಯಮಾವಳಿ. ಮುಂದೆ ಇದಕ್ಕೇ ಜಾವಾ ಇಇ, ಆಮೇಲೆ ಜಕಾರ್ತಾ ಇಇ ಎಂದು ಹೆಸರಾಯಿತು. ವೆಬ್ ರಿಕ್ವೆಸ್ಟುಗಳಿಗೆ ಉತ್ತರಿಸುವ ಸರ್ವ್ಲೆಟ್ ಮತ್ತು ಪುಟಗಳನ್ನು ಕಟ್ಟುವ ಜೆಎಸ್‌ಪಿಗಳ ಜೊತೆಗೆ ವ್ಯವಹಾರದ ತರ್ಕವನ್ನು ಹೊರುವ ಇಜೆಬಿ, ವಹಿವಾಟು ನಿರ್ವಹಣೆ, ಸಂದೇಶ ರವಾನೆ ಮುಂತಾದವು ಒಂದೇ ಕಟ್ಟಿನಲ್ಲಿ ಸೇರಿದವು. ಈ ಕಟ್ಟನ್ನು ಒದಗಿಸಿ ಹೊಂದಾಣಿಕೆ ಪರೀಕ್ಷೆಯಲ್ಲಿ ಪಾಸಾದ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಗ್ಲಾಸ್‌ಫಿಶ್‌ಗಳು ಅಪ್ಲಿಕೇಶನ್ ಸರ್ವರ್‌ಗಳು. ಟಾಮ್‌ಕ್ಯಾಟ್ ಇದರಲ್ಲಿ ಸರ್ವ್ಲೆಟ್, ಜೆಎಸ್‌ಪಿ, ವೆಬ್‌ಸಾಕೆಟ್‌ನಂಥ ಕೆಲವನ್ನು ಮಾತ್ರ ಒದಗಿಸುವ ಸರ್ವ್ಲೆಟ್ ಕಂಟೇನರ್. 2009ರ ಜಾವಾ ಇಇ 6 ‘ವೆಬ್ ಪ್ರೊಫೈಲ್’ ಎಂಬ ಕಿರಿದಾದ ಕಟ್ಟನ್ನು ಮಾನ್ಯ ಮಾಡಿತಾದರೂ ಬರಿಯ ಟಾಮ್‌ಕ್ಯಾಟ್ ಅದರೊಳಗೂ ಬರುವುದಿಲ್ಲ. ಆ ಕೊರತೆಯನ್ನು ತುಂಬಲೆಂದೇ ಅಪಾಚೆಯವರು ಟಾಮ್‌ಇಇ ಕಟ್ಟಿದರು.

ಇದು ಬರಿಯ ಹೆಸರಿನ ಜಗಳವೆನ್ನುವವರು ಜಾವಾ ವೆಬ್ ಅಪ್ಲಿಕೇಶನ್ನಿನ ಪೊಟ್ಟಣವಾದ ಒಂದು ವಾರ್ ಕಡತವನ್ನು ಹತ್ತಿರದಿಂದ ನೋಡಲಿ. ಜಕಾರ್ತಾ ಇಇಯ ಪೂರ್ಣ ಎಪಿಐಯನ್ನು ಮೇವನ್‌ನಲ್ಲಿ (ಜಾವಾ ಕೋಡನ್ನು ಕಟ್ಟುವ ಸಾಧನ) ‘ಪ್ರೊವೈಡೆಡ್’, ಅಂದರೆ ಸರ್ವರ್ ಒದಗಿಸುತ್ತದೆ ಎಂದು ಬರೆದು, ಸರ್ವ್ಲೆಟ್‌ನ ಒಂದು ಫೀಲ್ಡಿನ ಮೇಲೆ ‘ಇದನ್ನು ಸರ್ವರ್ ತುಂಬಲಿ’ ಎಂದು ಸೂಚಿಸುವ ‘ಇಂಜೆಕ್ಟ್’ ಅನೋಟೇಶನ್ ಇಟ್ಟು, ಅದನ್ನು ಬರಿಯ ಟಾಮ್‌ಕ್ಯಾಟ್‌ಗೆ ಹಾಕಿದರೆ ಡಿಪ್ಲಾಯ್ ಸಲೀಸಾಗಿ ಮುಗಿಯುತ್ತದೆ. ಅನೋಟೇಶನ್ನಿನ ಕ್ಲಾಸು ಅಲ್ಲಿಲ್ಲದಿದ್ದರೂ ಜಾವಾ ಕೋಡನ್ನು ಓಡಿಸುವ ಜೆವಿಎಂ ಅದನ್ನು ತಪ್ಪೆಂದು ಹೇಳದೆ ಸುಮ್ಮನೆ ಕಡೆಗಣಿಸುತ್ತದೆ. ಫೀಲ್ಡು ನಲ್ (ಬರಿದು) ಆಗಿಯೇ ಉಳಿದು, ಅದನ್ನು ಮುಟ್ಟುವ ಮೊದಲ ರಿಕ್ವೆಸ್ಟಿಗೇ ನಲ್ ಪಾಯಿಂಟರ್ ಎಕ್ಸೆಪ್ಶನ್ ಬೀಳುತ್ತದೆ. ಬರೆದವರು ತಮ್ಮ ಕೋಡಿನಲ್ಲಿ ಇಲ್ಲದ ದೋಷವನ್ನು ಹುಡುಕುತ್ತ ಕೂರುತ್ತಾರೆ. ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟನ್ನು ಬಳಸುವವರಿಗೆ ಈ ಕಷ್ಟವಿಲ್ಲ, ಏಕೆಂದರೆ ಬೇಕಾದ ಲೈಬ್ರರಿಗಳು ಅವರ ಅಪ್ಲಿಕೇಶನ್ನಿನೊಳಗೇ ಇರುತ್ತವೆ. ಅದು ಒಪ್ಪತಕ್ಕ ವಿನ್ಯಾಸವೇ; ಹಾಗೆಂದು ಅಪ್ಲಿಕೇಶನ್ ಹೊತ್ತು ತಂದದ್ದನ್ನು ಸರ್ವರ್‌ನ ಲೆಕ್ಕಕ್ಕೆ ಬರೆಯಬಾರದು.

ಇದರ ಮೇಲೆ ಜಕಾರ್ತಾ ಎಂಬ ಹೆಸರಿನ ಗೊಂದಲ ಬೇರೆ. ಒರಾಕಲ್ 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಲು ನಿರ್ಧರಿಸಿತು, 2018ರಲ್ಲಿ ಹೊಸ ಹೆಸರು ಬಂತು, 2020ರ ಜಕಾರ್ತಾ ಇಇ 9ರಲ್ಲಿ ‘ಜಾವಾಎಕ್ಸ್’ ಪ್ಯಾಕೇಜುಗಳು (ಕ್ಲಾಸುಗಳ ಗುಂಪುಗಳು) ‘ಜಕಾರ್ತಾ’ ಆದವು. ಹಿಂದೆ ಟಾಮ್‌ಕ್ಯಾಟ್ ಇದ್ದ ಅಪಾಚೆ ಜಕಾರ್ತಾ ಯೋಜನೆ ಬೇರೆಯೇ. ಹೆಸರು ಒಂದೇ ಎಂದು ಎರಡನ್ನೂ ಬೆಸೆಯುವ ಲೇಖನಗಳಿಗೆ ಕೊನೆಯಿಲ್ಲ. ಟಾಮ್‌ಕ್ಯಾಟ್ 9 ಹಳೆಯ ಪ್ಯಾಕೇಜುಗಳನ್ನೂ 10 ಹೊಸವನ್ನೂ ಅರಿಯುವುದರಿಂದ ‘ಟಾಮ್‌ಕ್ಯಾಟ್‌ನಲ್ಲಿ ನಡೆಯುತ್ತದೆ’ ಎಂದು ಆವೃತ್ತಿ ಹೇಳದೆ ಬರೆದ ಮಾತಿಗೆ ಅರ್ಥವಿಲ್ಲ. ಜಾವಾ ಆವೃತ್ತಿಯೂ ಅಷ್ಟೇ: 9ಕ್ಕೆ ಜಾವಾ 8 ಸಾಕು, 10.1ಕ್ಕೆ ಕನಿಷ್ಠ 11 ಬೇಕು, 11ಕ್ಕೆ ಕನಿಷ್ಠ 17.

ಪ್ಲಾಟ್‌ಫಾರ್ಮ್ ಸಪೋರ್ಟ್ ಎಂಬುದು ಇನ್ನೊಂದು ಸವೆದ ನಾಣ್ಯ. ಜೆವಿಎಂ ಇದ್ದಲ್ಲೆಲ್ಲ ಸರ್ವರ್ ಓಡಬಹುದು. ಮಾರಾಟಗಾರರು ಸಪೋರ್ಟ್ ಎಂದು ಬರೆಯುವಾಗ ಹೇಳುವುದು, ಇಂಥ ಆಪರೇಟಿಂಗ್ ಸಿಸ್ಟಮ್, ಇಂಥ ಜೆಡಿಕೆ (ಜೆವಿಎಂ ಒಳಗೊಂಡ ಜಾವಾ ಕಿಟ್), ಇಂಥ ಡೇಟಾಬೇಸ್ ಜೋಡಣೆಯಲ್ಲಿ ತೊಂದರೆ ಬಂದರೆ ಹೊಣೆ ನಮ್ಮದು ಎಂದು. ಓಡುವುದಕ್ಕೂ ಹೊಣೆ ಹೊರುವುದಕ್ಕೂ ನಡುವೆ ಒಂದು ಕರಾರುಪತ್ರವಿದೆ.

ಲೈಸೆನ್ಸ್ ಹಣದ ವಿಷಯವಾಗುವುದು ಇಲ್ಲಿಯೇ. ವೈಲ್ಡ್‌ಫ್ಲೈ ಎಂಬ ಅಪ್ಲಿಕೇಶನ್ ಸರ್ವರ್ ಮುಕ್ತ ತಂತ್ರಾಂಶ, ಅದೇ ಮೂಲದ ಜೆಬಾಸ್ ಇಎಪಿಯ ಕೋಡೂ ಮುಕ್ತವೇ. ರೆಡ್ ಹ್ಯಾಟ್‌ಗೆ ಕೊಡುವ ಚಂದಾ ಪರೀಕ್ಷಿಸಿದ ಪ್ಯಾಚುಗಳಿಗೆ ಮತ್ತು ದೀರ್ಘಾವಧಿ ನೆರವಿಗೆ. ಗ್ಲಾಸ್‌ಫಿಶ್‌ನ ಕೋಡು ಮುಕ್ತವಾಗಿಯೇ ಉಳಿದರೂ, ಅದಕ್ಕೆ ವಾಣಿಜ್ಯ ನೆರವನ್ನು ಮುಂದುವರಿಸುವುದಿಲ್ಲವೆಂದು ಒರಾಕಲ್ 2013ರಲ್ಲಿ ಸಾರಿದ ಮೇಲೆ ಆ ತೆರವನ್ನು ತುಂಬಲು ಪಯಾರಾ ಎಂಬ ಸರ್ವರ್ ಹುಟ್ಟಿತು. ವೆಬ್‌ಲಾಜಿಕ್‌ನ ಎಂಟರ್‌ಪ್ರೈಸ್ ಆವೃತ್ತಿಯನ್ನು ಪ್ರೊಸೆಸರ್ ಲೆಕ್ಕದಲ್ಲಿ ಕೊಳ್ಳುವಾಗ ಎಣಿಸುವುದು ಚಿಪ್ಪುಗಳನ್ನಲ್ಲ. ಕೋರ್‌ಗಳ ಸಂಖ್ಯೆಯನ್ನು ಒರಾಕಲ್ ಗೊತ್ತುಪಡಿಸಿದ ಗುಣಾಂಕದಿಂದ ಗುಣಿಸಲಾಗುತ್ತದೆ.

ಇಷ್ಟೆಲ್ಲ ತಿಳಿದವರೂ ‘ನಮ್ಮ ಸರ್ವರ್ ಉಚಿತ’ ಎಂದು ನಿಶ್ಚಿಂತರಾಗಿ, ಅದರ ಕೆಳಗಿರುವ ಜೆಡಿಕೆಯನ್ನು ನೋಡುವುದಿಲ್ಲ. ಒರಾಕಲ್ ಜೆಡಿಕೆ 8ರ ಅಪ್‌ಡೇಟುಗಳ ನಿಯಮ 2019ರ ಏಪ್ರಿಲ್‌ನಲ್ಲಿ ಬದಲಾಗಿ, ವ್ಯಾಪಾರೀ ಉತ್ಪಾದನಾ ಬಳಕೆಗೆ ಚಂದಾ ಬೇಕಾಯಿತು. ಟಾಮ್‌ಕ್ಯಾಟ್‌ನ ಅಪಾಚೆ 2.0 ಲೈಸೆನ್ಸ್ ಟಾಮ್‌ಕ್ಯಾಟ್‌ಗೆ ಮಾತ್ರ ಅನ್ವಯಿಸುತ್ತದೆ. ಕೆಳಗಿನ ಜೆಡಿಕೆ ಒರಾಕಲ್‌ನದೋ, ಓಪನ್‌ಜೆಡಿಕೆ ಎಂಬ ಮುಕ್ತ ಕೋಡಿನಿಂದ ಬೇರೊಬ್ಬರು ಕಟ್ಟಿದ್ದೋ ಎಂಬುದನ್ನು ಪ್ರತ್ಯೇಕವಾಗಿಯೇ ಬರೆದಿಡಬೇಕು.